ಹೆಸರಿನ ಹಂಗು: ಮಿಗೆಲ್ ದೆ ಉನಾಮುನೋ

ಸ್ಪೇನಿನ ಸಾಹಿತ್ಯವನ್ನು ಸ್ವಲ್ಪವಾದರೂ ಬಲ್ಲವರಿಗೆ ಮಿಗೆಲ್ ದೆ ಉನಾಮುನೋನ ಹೆಸರು ಹೊಸದಲ್ಲ. 1864ರಲ್ಲಿ ಹುಟ್ಟಿ 1936ರಲ್ಲಿ ತೀರಿಕೊಂಡ ಈತ ಕವಿ, ಕಾದಂಬರಿಕಾರ, ನಾಟಕಕಾರ, ದಾರ್ಶನಿಕ. ಎಲ್ಲಕ್ಕಿಂತ ಹೆಚ್ಚಾಗಿ, ಯಾರೊಡನೆಯೂ, ಕಡೆಗೆ ತನ್ನೊಡನೆಯೂ, ಪೂರ್ತಿ ರಾಜಿಯಾಗದೆ ಬಾಳಿದ ಮನುಷ್ಯ. ಬಾಳಿನ ದುರಂತಪ್ರಜ್ಞೆಯನ್ನು ಕುರಿತು ಅವನು 1913ರಲ್ಲಿ ಪ್ರಕಟಿಸಿದ ಗ್ರಂಥ ಲೋಕದ ಹಲವು ಭಾಷೆಗಳಿಗೆ ಅನುವಾದವಾಗಿದೆ. ಅವನ ತತ್ತ್ವವನ್ನು ವಿವರಿಸುವುದು ಈ ಲೇಖನದ ಉದ್ದೇಶವಲ್ಲ. ಅವನ ಬಾಳಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓಡಿದ ಒಂದು ಎಳೆಯಿದೆ. ಅದನ್ನು ಹಿಡಿದು ನಡೆದರೆ ಆ ಬಾಳಿನ ಬಹುಭಾಗ ಕಣ್ಣಿಗೆ ಬೀಳುತ್ತದೆ. ಆ ಎಳೆ ಅವನ ಅಡ್ಡಹೆಸರು.

ಸ್ಪೇನಿನಲ್ಲಿ ಹೆಚ್ಚಾಗಿ ಕೇಳಿಬರುವ ಅಡ್ಡಹೆಸರುಗಳು ಹಿರಿಯನೊಬ್ಬನ ಹೆಸರಿನಿಂದ ಹುಟ್ಟಿದವು. ಫೆರ್ನಾಂದೋವಿನ ಸಂತತಿ ಫೆರ್ನಾಂದೆಸ್ ಆಯಿತು, ಮಾರ್ತಿನ್‌ನ ಸಂತತಿ ಮಾರ್ತೀನೆಸ್, ರೊದ್ರೀಗೋವಿನದು ರೊದ್ರೀಗೆಸ್. ಪ್ರತಿ ಊರಿನಲ್ಲಿಯೂ, ಪ್ರತಿ ಬೀದಿಯಲ್ಲಿಯೂ ಇಂತಹ ಹೆಸರುಗಳು ಸಿಕ್ಕುತ್ತವೆ. ಇವುಗಳ ನಡುವೆ ಉನಾಮುನೋ ಎಂಬ ಹೆಸರು ಬಿದ್ದರೆ ಕಾಸ್ತಿಲಿಯ ಸೀಮೆಯವನ ಕಿವಿ ಅದು ತನ್ನ ಮಾತಿನ ಬಸಿರಿನಿಂದ ಬಂದುದಲ್ಲವೆಂದು ಒಡನೆ ಗುರುತಿಸುತ್ತದೆ. ಅದು ಬಾಸ್ಕ್ ಹೆಸರು. ಪಿರೆನೀಸ್ ಪರ್ವತಗಳ ಪಶ್ಚಿಮದ ಕೊನೆಯಲ್ಲಿ, ಬಿಸ್ಕೇ ಕೊಲ್ಲಿಯ ಅಂಚಿನಲ್ಲಿ, ಸ್ಪೇನ್ ಮತ್ತು ಫ್ರಾನ್ಸುಗಳೆರಡರಲ್ಲಿಯೂ ಹರಡಿಕೊಂಡಿರುವ ಈ ಜನರ ಭಾಷೆ ಲ್ಯಾಟಿನ್ನಿನ ಮಗಳಲ್ಲ. ಇಂದು ಬದುಕಿರುವ ಯಾವ ಭಾಷೆಯೊಡನೆಯೂ ಅದರ ನೆಂಟಸ್ತನ ಸಿದ್ಧವಾಗಿಲ್ಲ. ರೋಮನರು ಬರುವುದಕ್ಕೆ ಮೊದಲೇ ಅದು ಅಲ್ಲಿತ್ತು.

ಬಾಸ್ಕರ ಹೆಸರುಗಳು ತಂದೆಯನ್ನು ಹೇಳುವುದಕ್ಕಿಂತ ಮನೆಯನ್ನು ಹೇಳುತ್ತವೆ. ಆ ಬೆಟ್ಟದ ಸೀಮೆಯಲ್ಲಿ ಒಂಟಿಯಾಗಿ ನಿಂತ ಕಲ್ಲುಗೋಡೆಯ ಒಕ್ಕಲುಮನೆಯೇ ಎಲ್ಲಕ್ಕೂ ಮೂಲ. ಮನೆಗೆ ಹೆಸರಿತ್ತು; ಅದರಲ್ಲಿ ಬಾಳಿದವರು ಆ ಹೆಸರಿನಿಂದ ಕರೆಸಿಕೊಂಡರು. ಮದುವೆಯಾಗಿ ಮನೆಯಳಿಯನಾಗಿ ಬಂದವನೂ ಆ ಮನೆಯ ಹೆಸರಿಗೆ ಸೇರಿಬಿಡುತ್ತಿದ್ದನು. ಹೀಗಾಗಿ ಬಾಸ್ಕ್ ಅಡ್ಡಹೆಸರುಗಳನ್ನು ಬಿಡಿಸಿ ಓದಿದರೆ ಒಂದು ಸೀಮೆಯ ಭೂಪಟವೇ ತೆರೆದುಕೊಳ್ಳುತ್ತದೆ. ಮೆಂದಿಸಾಬಾಲ್ ಎಂದರೆ ಅಗಲವಾದ ಬೆಟ್ಟ. ಎಲಿಸೋಂದೋ ಎಂದರೆ ಇಗರ್ಜಿಯ ಪಕ್ಕ. ಗೊಯಿಕೊಎಚೆಯಾ ಎಂದರೆ ಮೇಲಿನ ಮನೆ. ದಕ್ಷಿಣ ಅಮೆರಿಕದ ವಿಮೋಚಕನೆಂದು ಹೆಸರಾದ ಬೊಲಿವಾರನ ಹಿರಿಯರು ಬಿಟ್ಟುಬಂದ ಬಿಸ್ಕಾಯ ಪ್ರಾಂತದ ಹಳ್ಳಿಯ ಹೆಸರಿಗೆ ಗಿರಣಿಯ ಕಣಿವೆ ಎಂದು ಅರ್ಥ. ಎಚೆವೆರ್ರಿಯಾ ಎಂದರೆ ಹೊಸಮನೆ. ಈ ಕಡೆಯ ಹೆಸರು ನವಾರ್ರಾ ಸೀಮೆಯಲ್ಲಿ ಬಾಯಿಂದ ಬಾಯಿಗೆ ಸವೆದು ಹಾವಿಯೆರ್ ಆಯಿತು. ಹಳೆಯ ಬರವಣಿಗೆಯಲ್ಲಿ ಅದೇ ಕ್ಸೇವಿಯರ್. ಆ ಹೆಸರಿನ ಕೋಟೆಮನೆಯಲ್ಲಿ 1506ರಲ್ಲಿ ಹುಟ್ಟಿದ ಫ್ರಾನ್ಸಿಸನು 1542ರಲ್ಲಿ ಗೋವೆಗೆ ಬಂದಿಳಿದನು. ಅಂದಿನಿಂದ ಗೋವೆಯಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಎಷ್ಟೋ ಮಕ್ಕಳಿಗೆ ಕ್ಸೇವಿಯರ್ ಎಂದು ನಾಮಕರಣವಾಗಿದೆ. ಹೊಸಮನೆ ಎಂಬ ಮನೆತನದ ಹೆಸರು ಕನ್ನಡದಲ್ಲಿಯೂ ಇರುವುದರಿಂದ, ಒಂದೇ ಊರಿನ ಒಂದೇ ತರಗತಿಯಲ್ಲಿ ಹೊಸಮನೆಯೂ ಕ್ಸೇವಿಯರನೂ ಪಕ್ಕಪಕ್ಕದಲ್ಲಿ ಕುಳಿತಿದ್ದರೆ ಇಬ್ಬರದೂ ಒಂದೇ ಅರ್ಥದ ಹೆಸರೆಂದು ಇಬ್ಬರಿಗೂ ತಿಳಿದಿರಲಾರದು.

ಇಂತಹ ಹೆಸರಿಗೆ ಸ್ಪೇನಿನಲ್ಲಿ ಬೆಲೆಯೂ ಇತ್ತು. ಬಿಸ್ಕಾಯದ ಹಳೆಯ ಶಾಸನದ ಪ್ರಕಾರ ಅಲ್ಲಿ ಹುಟ್ಟಿದವರೆಲ್ಲರೂ ಕುಲೀನರು. ಆದುದರಿಂದ ಆ ಸೀಮೆಯಿಂದ ಕಾಸ್ತಿಲಿಯಕ್ಕೋ ಅಮೆರಿಕಕ್ಕೋ ಹೋದ ಬಡ ಗುಮಾಸ್ತನೂ ನಾವಿಕನೂ ತನ್ನ ಮೂಲದ ಮನೆಯನ್ನು ತೋರಿಸಿಕೊಟ್ಟರೆ ಸಾಕು, ಕುಲೀನನೆಂದು ಸಿದ್ಧವಾಗುತ್ತಿತ್ತು. ಯಹೂದ್ಯರ ಅಥವಾ ಮುಸಲ್ಮಾನರ ರಕ್ತ ಬೆರೆಯದವನು ಎಂಬ ಹೆಮ್ಮೆ ಸ್ಪೇನನ್ನು ಶತಮಾನಗಳ ಕಾಲ ಕಾಡಿದ ರೋಗ. ಬಾಸ್ಕ್ ಹೆಸರು ಆ ಹೆಮ್ಮೆಗೆ ದೊರೆತ ಸುಲಭವಾದ ಪ್ರಮಾಣಪತ್ರವಾಗಿತ್ತು. ಹೆಸರಿನಲ್ಲಿ ರಕ್ತವನ್ನು ಓದುವ ಈ ಅಭ್ಯಾಸವೇ ಮುಂದೆ ಉನಾಮುನೋನ ಬಾಳಿನ ದಾರಿಗೆ ಎರಡು ಸಲ ಅಡ್ಡಬಂದಿತು.

ಉನಾಮುನೋ ಎಂಬ ಪದದ ಕೊನೆಯ ಭಾಗಕ್ಕೆ ಗುಡ್ಡವೆಂದು ಅರ್ಥ. ಮೊದಲಿನದು ಆಸ್ಫೊಡೆಲ್ ಎಂಬ ಕಾಡುಗಿಡದ ಹೆಸರೆಂದು ಹೇಳುತ್ತಾರೆ. ಉದ್ದನೆಯ ದಂಟಿನ ಮೇಲೆ ಬಿಳಿಯ ಹೂಗಳ ಗೊಂಚಲು ತಳೆಯುವ ಈ ಗಿಡವನ್ನು ಗ್ರೀಕ್ ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು: ಹೋಮರನ ಒಡಿಸ್ಸಿ ಕಾವ್ಯದಲ್ಲಿ ಸತ್ತವರ ನೆರಳುಗಳು ಅಲೆಯುವ ಬಯಲು ಆಸ್ಫೊಡೆಲ್ ಬೆಳೆದ ಬಯಲು. ಸಾವಿನ ಭಯವನ್ನೇ ತನ್ನ ತತ್ತ್ವದ ಬುನಾದಿಯಾಗಿ ಮಾಡಿಕೊಂಡ ಗ್ರೀಕ್ ಪ್ರಾಧ್ಯಾಪಕನೊಬ್ಬನಿಗೆ ಇಂತಹ ಹೆಸರು ಒದಗಿಬಂದುದು ಕಾಕತಾಳೀಯವೇ ಸರಿ. ಆದರೂ ಉಲ್ಲೇಖಿಸದೆ ಬಿಡಲು ಮನಸ್ಸು ಬಾರದು.

ಅವನು ಹುಟ್ಟಿದ್ದು 1864ರ ಸೆಪ್ಟೆಂಬರ್ 29ರಂದು, ಬಿಲ್ಬಾವೋ ನಗರದ ಹಳೆಯ ಪೇಟೆಯ ರೋಂದಾ ಬೀದಿಯಲ್ಲಿ. ತಂದೆ ಫೇಲಿಕ್ಸ್, ಬೆರ್ಗಾರಾ ಊರಿನವನು; ಯೌವನದಲ್ಲಿ ಮೆಕ್ಸಿಕೋಕ್ಕೆ ಹೋಗಿ ಒಂದಿಷ್ಟು ಹಣವನ್ನೂ ಒಂದಿಷ್ಟು ಪುಸ್ತಕಗಳನ್ನೂ ಗಳಿಸಿಕೊಂಡು ಹಿಂತಿರುಗಿದ ವ್ಯಾಪಾರಿ. ಹಿಂತಿರುಗಿದವನು ಮದುವೆಯಾದದ್ದು ತನ್ನ ಸ್ವಂತ ಅಕ್ಕತಂಗಿಯರಲ್ಲೊಬ್ಬಳ ಮಗಳು ಸಲೋಮೆಯನ್ನು. ದಕ್ಷಿಣ ಭಾರತದ ಓದುಗರಿಗೆ ಸೋದರಮಾವನ ಮದುವೆಯಲ್ಲಿ ಸೋಜಿಗವೇನೂ ಕಾಣದು. ರೋಮನ್ ಕ್ಯಾಥೊಲಿಕರಲ್ಲಿ ಅದು ವಿರಳ, ಅದಕ್ಕೆ ಧರ್ಮಸಂಸ್ಥೆಯ ವಿಶೇಷ ಅನುಮತಿ ಬೇಕು. ಸ್ಪೇನಿನ ಪದ್ಧತಿಯಂತೆ ಪ್ರತಿಯೊಬ್ಬನಿಗೂ ಎರಡು ಅಡ್ಡಹೆಸರು: ಮೊದಲು ತಂದೆಯದು, ಆಮೇಲೆ ತಾಯಿಯದು. ಮದುವೆಯಾದ ಹೆಂಗಸು ತನ್ನ ತೌರಿನ ಹೆಸರನ್ನು ಕಳೆದುಕೊಳ್ಳುವುದಿಲ್ಲ. ಹಾಗೆ ಈ ಮಗು ಮಿಗೆಲ್ ದೆ ಉನಾಮುನೋ ಇ ಹೂಗೋ ಆಯಿತು. ತಾಯಿಯ ತಾಯಿಯೂ ಉನಾಮುನೋ ಮನೆಯವಳೇ ಆದ ಕಾರಣ ಆ ಹೆಸರು ಎರಡು ದಾರಿಗಳಿಂದ ಅವನನ್ನು ಮುಟ್ಟಿತು. ಮುಂದೆ ಅವನು ತಾನು ಹದಿನಾರು ಕವಲುಗಳಿಂದಲೂ ಬಾಸ್ಕನೆಂದು ಹೇಳಿಕೊಳ್ಳುತ್ತಿದ್ದನು. ತಂದೆಯ ಕಡೆಯ ಅಜ್ಜ ಅಜ್ಜಿಯರೇ ತಾಯಿಯ ಕಡೆಯಿಂದ ಮುತ್ತಜ್ಜ ಮುತ್ತಜ್ಜಿಯರಾಗುವ ಮನೆಯಲ್ಲಿ ಹದಿನಾರು ಬೇರೆ ಬೇರೆ ಕವಲುಗಳನ್ನು ಎಣಿಸುವುದು ಕಷ್ಟ. ಲೆಕ್ಕ ತಪ್ಪಿದರೂ ಮಾತು ನಿಜ.

ತಂದೆ 1870ರಲ್ಲಿ ತೀರಿಕೊಂಡಾಗ ಹುಡುಗನಿಗೆ ಇನ್ನೂ ಆರು ತುಂಬಿರಲಿಲ್ಲ. ಅವನಲ್ಲಿ ಉಳಿದ ತಂದೆಯ ನೆನಪು ಒಂದೇ: ಮನೆಯ ಹಜಾರದಲ್ಲಿ ತಂದೆ ಫ್ರೆಂಚನೊಬ್ಬನೊಡನೆ ಫ್ರೆಂಚಿನಲ್ಲಿ ಮಾತನಾಡುತ್ತಿದ್ದುದು. ಮನುಷ್ಯರು ತನಗೆ ತಿಳಿಯದ ಬೇರೊಂದು ರೀತಿಯಲ್ಲಿಯೂ ಒಬ್ಬರನ್ನೊಬ್ಬರು ಅರಿಯಬಲ್ಲರೆಂಬ ಆ ಬೆರಗಿನಿಂದಲೇ ಭಾಷೆಯ ಮೇಲಿನ ತನ್ನ ಮೋಹ ಹುಟ್ಟಿತೆಂದು ಬಾಲ್ಯದ ನೆನಪುಗಳನ್ನು ಬರೆಯುವಾಗ ಅವನು ಹೇಳಿಕೊಂಡಿದ್ದಾನೆ. ಅವನ ಮನೆಮಾತು ಬಾಸ್ಕ್ ಆಗಿರಲಿಲ್ಲ. ಬಿಲ್ಬಾವೋ ಪೇಟೆಯ ವರ್ತಕ ಮನೆಗಳಲ್ಲಿ ಆ ವೇಳೆಗೆ ಸ್ಪ್ಯಾನಿಷ್ ನೆಲೆಯೂರಿತ್ತು. ಬಾಸ್ಕ್ ಹಾಲು ಮಾರಲು ಬರುವ ಹಳ್ಳಿಯವರ ಮಾತು, ಅಡಿಗೆಮನೆಯ ಕೆಲಸದವಳ ಮಾತು. ತನ್ನ ಹೆಸರಿನ ಅರ್ಥವನ್ನು ಅವನು ಮುಂದೆ ಪುಸ್ತಕದಿಂದ ಕಲಿಯಬೇಕಾಯಿತು.

ಒಂಬತ್ತನೆಯ ವಯಸ್ಸಿನಲ್ಲಿ ಯುದ್ಧ ಅವನ ಮನೆಯ ಬಾಗಿಲಿಗೇ ಬಂದಿತು. ಸಿಂಹಾಸನದ ಹಕ್ಕಿಗಾಗಿಯೂ ಹಳೆಯ ಪ್ರಾಂತೀಯ ಶಾಸನಗಳಿಗಾಗಿಯೂ ಹೋರಾಡುತ್ತಿದ್ದ ಕಾರ್ಲೋಸ್ ಪಕ್ಷದವರು 1874ರಲ್ಲಿ ಬಿಲ್ಬಾವೋ ನಗರಕ್ಕೆ ಮುತ್ತಿಗೆ ಹಾಕಿ ಗುಂಡಿನ ಮಳೆ ಸುರಿಸಿದರು. ದೊಡ್ಡವರು ನೆಲಮಾಳಿಗೆಯಲ್ಲಿ ಜಪ ಮಾಡುತ್ತಿದ್ದರೆ ಶಾಲೆಯಿಲ್ಲದ ಮಕ್ಕಳಿಗೆ ಅದು ಹಬ್ಬವಾಗಿತ್ತು. ಆ ದಿನಗಳು ಅವನ ಮೊದಲ ಕಾದಂಬರಿಯಾದ ಯುದ್ಧದಲ್ಲಿ ಶಾಂತಿ ಎಂಬುದರಲ್ಲಿ, 1897ರಲ್ಲಿ, ಮರುಹುಟ್ಟು ಪಡೆದವು. ಯುದ್ಧ ಮುಗಿದ ಮೇಲೆ 1876ರಲ್ಲಿ ಮ್ಯಾಡ್ರಿಡ್ ಸರಕಾರ ಬಾಸ್ಕ್ ಪ್ರಾಂತಗಳ ಹಳೆಯ ಹಕ್ಕುಗಳನ್ನು ತೆಗೆದುಹಾಕಿತು. ಹುಡುಗ ಮಿಗೆಲ್ ಒಬ್ಬ ಗೆಳೆಯನನ್ನು ಕೂಡಿಕೊಂಡು ರಾಜನಿಗೇ ಹೆಸರಿಲ್ಲದ ಬೆದರಿಕೆಯ ಪತ್ರ ಬರೆದನು! ಆ ಕಾಲದಲ್ಲಿ ಅವನೊಬ್ಬ ಉಜ್ಜ್ವಲ ಬಾಸ್ಕ್ ಅಭಿಮಾನಿ. ಓಕ್ ಮರಗಳ ಕೆಳಗೆ ಕುಳಿತು ಪೂರ್ವಿಕರ ಕಥೆಗಳನ್ನು ಓದಿ ಕಣ್ಣೀರಿಡುವ ವಯಸ್ಸು. ನಿಘಂಟು ವ್ಯಾಕರಣಗಳನ್ನು ಹಿಡಿದು ಬಾಸ್ಕ್ ಭಾಷೆಯನ್ನು ಕಲಿತದ್ದೂ ಆ ಎಳೆಯ ಹುಮ್ಮಸ್ಸಿನಲ್ಲಿಯೇ.

1880ರಲ್ಲಿ ಅವನು ಮ್ಯಾಡ್ರಿಡ್ ವಿಶ್ವವಿದ್ಯಾಲಯಕ್ಕೆ ಹೋದನು. ನಾಲ್ಕು ವರ್ಷಗಳ ಮೇಲೆ ಡಾಕ್ಟರೇಟಿಗಾಗಿ ಅವನು ಆರಿಸಿಕೊಂಡ ವಿಷಯ ಬಾಸ್ಕ್ ಜನಾಂಗದ ಮೂಲ ಮತ್ತು ಪ್ರಾಗಿತಿಹಾಸದ ಸಮಸ್ಯೆ. ಅಭಿಮಾನಿಯೊಬ್ಬನಿಂದ ನಿರೀಕ್ಷಿಸಬಹುದಾದ ಸ್ತುತಿ ಅದರಲ್ಲಿಲ್ಲ. ನೋಹನ ಮೊಮ್ಮಗ ಈ ಭಾಷೆಯನ್ನು ತಂದನೆಂಬಂತಹ ಹಳೆಯ ಕಟ್ಟುಕಥೆಗಳನ್ನೂ, ಸದ್ದಿನ ಹೋಲಿಕೆಯೊಂದನ್ನೇ ನಂಬಿ ಪದಗಳ ಮೂಲ ಹೇಳುವ ಪಂಡಿತರನ್ನೂ ಅವನು ಶಾಸ್ತ್ರದ ಒರೆಗೆ ಹಚ್ಚಿದನು. ಊರಿಗೆ ಮರಳಿ ಖಾಸಗಿ ಪಾಠ ಹೇಳಿಕೊಂಡು, ಒಂದಾದ ಮೇಲೊಂದು ಅಧ್ಯಾಪಕ ಹುದ್ದೆಗೆ ಪರೀಕ್ಷೆ ಕಟ್ಟಿ ಸೋಲುತ್ತಿದ್ದ ಆ ವರ್ಷಗಳಲ್ಲಿ ಒಂದು ಚಿಕ್ಕ ಘಟನೆ ನಡೆಯಿತು. 1888ರಲ್ಲಿ ಬಿಸ್ಕಾಯದ ಪ್ರಾಂತಸಭೆ ಬಿಲ್ಬಾವೋದಲ್ಲಿ ಬಾಸ್ಕ್ ಭಾಷೆಗೊಂದು ಪೀಠ ತೆರೆಯಿತು. ಅದಕ್ಕೆ ಅರ್ಜಿ ಹಾಕಿದವರಲ್ಲಿ ಮೂವರು ಇಪ್ಪತ್ತರ ಹರೆಯದ ತರುಣರಿದ್ದರು: ರೆಸುರೆಕ್ಸಿಯೋನ್ ಮರಿಯಾ ದೆ ಅಸ್ಕುವೆ ಎಂಬ ಪಾದ್ರಿ, ಸಬೀನೋ ಅರಾನಾ, ಮತ್ತು ಉನಾಮುನೋ. ಹುದ್ದೆ ಅಸ್ಕುವೆಗೆ ಸಿಕ್ಕಿತು. ಅವನು ಬಾಳನ್ನೆಲ್ಲ ಆ ಭಾಷೆಗೆ ಮುಡಿಪಾಗಿಟ್ಟು, ಮಹಾ ನಿಘಂಟನ್ನು ರಚಿಸಿ, ಬಾಸ್ಕ್ ಭಾಷಾ ಅಕಾಡೆಮಿಯ ಮೊದಲ ಅಧ್ಯಕ್ಷನಾದನು. ಸೋತ ಇಬ್ಬರು ಎರಡು ಎದುರು ದಿಕ್ಕುಗಳಿಗೆ ನಡೆದರು. ಒಂದೇ ಊರಿನವರು, ವಯಸ್ಸಿನಲ್ಲಿ ಕೆಲವೇ ತಿಂಗಳುಗಳ ಅಂತರ, ಇಬ್ಬರೂ ಸ್ಪ್ಯಾನಿಷ್ ಆಡುತ್ತ ಬೆಳೆದು ಬಾಸ್ಕ್ ಕಲಿತವರು. ಆ ಹುದ್ದೆ ಉನಾಮುನೋನಿಗೆ ದೊರೆತಿದ್ದರೆ ಅವನು ಏನಾಗುತ್ತಿದ್ದನೆಂದು ಊಹಿಸುವುದು ವ್ಯರ್ಥ, ಆದರೆ ಆ ಊಹೆ ಬಾರದಿರುವುದೂ ಇಲ್ಲ.

ಅರಾನಾ 1895ರಲ್ಲಿ ಬಾಸ್ಕ್ ರಾಷ್ಟ್ರೀಯ ಪಕ್ಷವನ್ನು ಕಟ್ಟಿದನು. ಆ ಹೊತ್ತಿಗೆ ಬಿಲ್ಬಾವೋ ಗುರುತು ಸಿಗದಷ್ಟು ಬದಲಾಗಿತ್ತು. ಸುತ್ತಲ ಬೆಟ್ಟಗಳ ಕಬ್ಬಿಣದ ಅದಿರು ಇಂಗ್ಲೆಂಡಿಗೆ ಹೋಗುತ್ತಿತ್ತು. ನದಿಯ ದಡದಲ್ಲಿ ಉಕ್ಕಿನ ಕುಲುಮೆಗಳೆದ್ದಿದ್ದವು. ಗಣಿಗಳಲ್ಲಿ ದುಡಿಯಲು ಕಾಸ್ತಿಲಿಯದಿಂದಲೂ ಇತರ ಪ್ರಾಂತಗಳಿಂದಲೂ ಬಡವರು ಸಾವಿರಾರು ಸಂಖ್ಯೆಯಲ್ಲಿ ಬಂದು ತುಂಬಿಕೊಂಡರು. ಮಾರ್ತೀನೆಸ್, ಫೆರ್ನಾಂದೆಸ್, ಗೋಮೆಸ್ ಎಂಬುವೇ ಅವರ ಹೆಸರುಗಳು. ಅರಾನಾನ ಕಣ್ಣಿಗೆ ಅವರು ತನ್ನ ಜನಾಂಗವನ್ನು ಕೆಡಿಸಲು ಬಂದ ಪರಕೀಯರಾಗಿ ಕಂಡರು. ಅವನ ಸಂಘಟನೆಗೆ ಸೇರಬೇಕಾದವನು ಅಜ್ಜ ಅಜ್ಜಿಯರ ಹೆಸರುಗಳು ಬಾಸ್ಕ್ ಆಗಿರುವುದನ್ನು ತೋರಿಸಬೇಕಾಗಿತ್ತು. ಬಾಸ್ಕ್ ಅಡ್ಡಹೆಸರುಗಳ ವ್ಯುತ್ಪತ್ತಿಯನ್ನು ಕುರಿತು ಅವನೇ ಗ್ರಂಥವನ್ನೂ ಬರೆದನು. ಶತಮಾನಗಳ ಹಿಂದೆ ಕುಲೀನತೆಯ ಸಾಕ್ಷಿಯಾಗಿದ್ದ ಹೆಸರು ಈಗ ರಾಜಕೀಯ ಪಕ್ಷವೊಂದರ ರಹದಾರಿಯಾಯಿತು.

ಉನಾಮುನೋನ ಹೆಸರುಗಳು ಈ ಪರೀಕ್ಷೆಯನ್ನು ಯಾವ ತೊಡಕೂ ಇಲ್ಲದೆ ದಾಟುತ್ತಿದ್ದವು. ಅವನು ಆ ಬಾಗಿಲಿಗೆ ಹೋಗಲಿಲ್ಲ. 1894ರಲ್ಲಿ ಸಮಾಜವಾದಿ ಪಕ್ಷವನ್ನು ಸೇರಿ, ಗಣಿಯ ಕೂಲಿಗಳ ಪರವಾಗಿದ್ದ ಬಿಲ್ಬಾವೋದ ವಾರಪತ್ರಿಕೆಗೆ ಮೂರು ವರ್ಷ ಲೇಖನಗಳನ್ನು ಬರೆದುಕೊಟ್ಟನು. ಈ ಬರಹಗಳನ್ನು ಅವನು ಕಳುಹಿಸುತ್ತಿದ್ದುದು ಸಾಲಾಮಾಂಕಾದಿಂದ. 1891ರಲ್ಲಿ ಅವನಿಗೆ ಎರಡು ಭಾಗ್ಯಗಳು ಒಟ್ಟಿಗೆ ಒದಗಿದ್ದವು. ಗೆರ್ನಿಕಾ ಊರಿನ ಕೊಂಚಾ ಲಿಸಾರ್ರಾಗಾ ಎಂಬ ಬಾಲ್ಯದ ಗೆಳತಿಯನ್ನು ಮದುವೆಯಾದನು. ಅವಳ ಹೆಸರೂ ಬಾಸ್ಕ್ ಹೆಸರೇ, ಆಶ್ ಮರಗಳಿರುವ ಜಾಗ ಎಂದು ಅದರ ಅರ್ಥ. ಅದೇ ವರ್ಷ ಸಾಲಾಮಾಂಕಾ ವಿಶ್ವವಿದ್ಯಾಲಯದಲ್ಲಿ ಗ್ರೀಕ್ ಭಾಷೆಯ ಪೀಠ ಸಿಕ್ಕಿತು. ಕಾಸ್ತಿಲಿಯದ ಬಿಸಿಲು ಬಯಲಿನ ನಡುವೆ ಚಿನ್ನದ ಬಣ್ಣದ ಕಲ್ಲಿನಲ್ಲಿ ಕಟ್ಟಿದ ಆ ಹಳೆಯ ಊರನ್ನು ಅವನು ತನ್ನದಾಗಿ ಮಾಡಿಕೊಂಡನು. ಒಂಬತ್ತು ಮಕ್ಕಳಾದವು. ಅವರಲ್ಲಿ ರೈಮುಂದೋ ಎಂಬ ಹಸುಳೆ ಮೆದುಳಿನ ರೋಗದಿಂದ ನರಳುತ್ತಿದ್ದ 1897ರ ಒಂದು ರಾತ್ರಿ ಸಾವಿನ ಭೀತಿ ಅವನನ್ನು ಹಿಡಿದು ಅಲುಗಿಸಿತು. ಅಳುತ್ತಿದ್ದ ಗಂಡನನ್ನು ಕೊಂಚಾ ಮಗುವೆಂದು ಕರೆದು ತಬ್ಬಿಕೊಂಡಳಂತೆ. ಆ ರಾತ್ರಿಯನ್ನು ಅವನು ಎಂದೂ ಮರೆಯಲಿಲ್ಲ. ಅವನ ಮುಂದಿನ ಗ್ರಂಥಗಳ ಬೀಜ ಅಲ್ಲಿದೆ.

1900ರಲ್ಲಿ, ಮೂವತ್ತಾರು ತುಂಬಿದ ಹೊಸದರಲ್ಲಿಯೇ, ಅವನು ವಿಶ್ವವಿದ್ಯಾಲಯದ ಕುಲಪತಿಯಾದನು. ಮರುವರ್ಷ ಆಗಸ್ಟ್ 26ರಂದು ಬಿಲ್ಬಾವೋದ ಕಾವ್ಯೋತ್ಸವಕ್ಕೆ ಮುಖ್ಯ ಭಾಷಣಕಾರನಾಗಿ ತವರೂರು ಅವನನ್ನು ಕರೆಯಿತು. ಊರಿನ ಮಗ ದೊಡ್ಡವನಾಗಿ ಬಂದಿದ್ದಾನೆ, ನಾಲ್ಕು ಒಳ್ಳೆಯ ಮಾತು ಹೇಳಿಹೋಗುತ್ತಾನೆಂದು ಸಭೆ ನಂಬಿತ್ತು. ಅವನು ಎದ್ದು ನಿಂತು ಬಾಸ್ಕ್ ಭಾಷೆ ಸಾಯುತ್ತಿದೆಯೆಂದೂ, ಅದು ಆಧುನಿಕ ವಿಚಾರಗಳ ಭಾರವನ್ನು ಹೊರಲಾರದೆಂದೂ, ಅದಕ್ಕೆ ಗೌರವದ ಶವಸಂಸ್ಕಾರ ಮಾಡಿ, ಬಾಸ್ಕರು ಸ್ಪ್ಯಾನಿಷ್ ಭಾಷೆಯನ್ನು ಹೊಕ್ಕು ಅದನ್ನು ತಮ್ಮ ಚೈತನ್ಯದಿಂದ ಗೆಲ್ಲಬೇಕೆಂದೂ ಹೇಳಿದನು. ಸಭೆಯಲ್ಲಿ ಕೋಲಾಹಲವಾಯಿತು. ಅವನ ಊರಿನ ಹಲವರು ಆ ದಿನದಿಂದ ಅವನನ್ನು ಕುಲದ್ರೋಹಿಯೆಂದೇ ಎಣಿಸಿದರು.

ಈ ಭಾಷಣದ ವಿಷಯದಲ್ಲಿ ಉನಾಮುನೋನ ಅಭಿಮಾನಿಗಳು ಮುಜುಗರಪಡುವುದುಂಟು, ಪಡಬೇಕಾದದ್ದೇ. ಒಂದು ಭಾಷೆಯಲ್ಲಿ ಶಾಸ್ತ್ರವಿಚಾರ ಸಾಧ್ಯವಿಲ್ಲವೆಂಬ ವಾದ ಎಷ್ಟು ಪೊಳ್ಳೆಂಬುದನ್ನು, ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದೆಂದು ಪಂಡಿತರು ತಲೆಯಲ್ಲಾಡಿಸುತ್ತಿದ್ದ ಕಾಲವನ್ನು ಕಂಡ ನಮಗೆ ಬೇರೆಯವರು ತಿಳಿಸಿಕೊಡಬೇಕಾಗಿಲ್ಲ. ಭಾಷಾಶಾಸ್ತ್ರವನ್ನು ಬಲ್ಲವನೇ ಈ ಮಾತನ್ನು ಆಡಿದ್ದು ಇನ್ನೂ ವಿಚಿತ್ರ. ಭಾಷೆಯ ಬಡತನ ಅದನ್ನಾಡುವವರ ಬಡತನವೆಂದೂ, ಶಾಲೆ ಕಚೇರಿಗಳಿಂದ ಹೊರಗಿಟ್ಟುದರ ಫಲವೆಂದೂ ಅವನು ಕಾಣಲಿಲ್ಲ. ಆದರೆ ಅವನು ಯಾವುದಕ್ಕೆ ಎದುರಾಗಿ ನಿಂತು ಹಾಗೆ ಮಾತನಾಡಿದನೆಂಬುದನ್ನೂ ನೋಡಬೇಕು. ಹೆಸರು ಬಾಸ್ಕ್ ಆದವನು ಮನುಷ್ಯ, ಗಣಿಯ ಕೂಲಿ ಗೋಮೆಸ್ ಕಳೆ ಎಂದು ಬೋಧಿಸುವ ಪಕ್ಷವೊಂದು ಅದೇ ಬೀದಿಗಳಲ್ಲಿ ಬೆಳೆಯುತ್ತಿತ್ತು. ಹೆಸರಿನ ಹಂಗಿನಿಂದ ಮನುಷ್ಯನನ್ನು ಬಿಡಿಸಹೊರಟು ಅವನು ಭಾಷೆಯ ಬುಡಕ್ಕೇ ಕೊಡಲಿ ಹಾಕಿದನು.

ಬಾಸ್ಕತನ ಮಾತ್ರ ಅವನನ್ನು ಬಿಡಲಿಲ್ಲ. ದೋನ್ ಕಿಹೋತೆ ಕಾದಂಬರಿಯಲ್ಲಿ ಸೆರ್ವಾಂಟೆಸನು ಒಬ್ಬ ಬಿಸ್ಕಾಯದವನನ್ನು ತಂದು, ಅವನ ಹರಕು ಸ್ಪ್ಯಾನಿಷನ್ನು ನಗೆಗೀಡುಮಾಡಿದ್ದಾನೆ. 1905ರಲ್ಲಿ ಉನಾಮುನೋ ಆ ಮಹಾಕೃತಿಗೆ ತನ್ನದೇ ಆದ ವ್ಯಾಖ್ಯಾನವನ್ನು ಬರೆದಾಗ ಆ ಬಿಸ್ಕಾಯದವನ ಪಕ್ಷವನ್ನು ಮನಸಾರೆ ವಹಿಸಿದನು. ಹುಚ್ಚು ವೀರನಾದ ಕಿಹೋತೆಯನ್ನು ಹೆಜ್ಜೆಹೆಜ್ಜೆಗೂ ಹೋಲಿಸಿದ್ದು ಲೊಯೋಲಾ ಮನೆತನದ ಇಗ್ನಾಸಿಯೋನೊಡನೆ, ಎಂದರೆ ಮತ್ತೊಬ್ಬ ಬಾಸ್ಕನೊಡನೆ. ಸ್ಪೇನಿನ ಹೃದಯವನ್ನು ಹುಡುಕುತ್ತ ಹೋದವನು ಅಲ್ಲಿಯೂ ತನ್ನ ನೆಂಟರನ್ನೇ ಕಂಡನು.

1914ರಲ್ಲಿ ಸರಕಾರ ಅವನನ್ನು ಕುಲಪತಿಯ ಸ್ಥಾನದಿಂದ ತೆಗೆಯಿತು. ಅದೇ ವರ್ಷ ಮಂಜು ಎಂಬ ಕಾದಂಬರಿ ಬಂದಿತು. ಅದರ ನಾಯಕ ತನ್ನನ್ನು ಸೃಷ್ಟಿಸಿದ ಲೇಖಕನ ಮನೆಗೇ ಬಂದು ತನ್ನ ಬಾಳಿಗಾಗಿ ಜಗಳವಾಡುತ್ತಾನೆ. ರಾಜನ ಮೇಲೂ 1923ರಲ್ಲಿ ಅಧಿಕಾರ ಹಿಡಿದ ಸೇನಾಪತಿ ಪ್ರೀಮೋ ದೆ ರಿವೇರಾನ ಮೇಲೂ ಅವನು ಬಿಡದೆ ಬರೆದುದರ ಫಲವಾಗಿ 1924ರಲ್ಲಿ ಆಫ್ರಿಕದ ಕರಾವಳಿಯ ಎದುರಿಗಿರುವ ಫುವೆರ್ತೆವೆಂತುರಾ ಎಂಬ ಒಣ ದ್ವೀಪಕ್ಕೆ ಗಡೀಪಾರಾದನು. ಕೆಲವು ತಿಂಗಳಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಪ್ಯಾರಿಸ್ ಸೇರಿದನು. ಆ ಮಹಾನಗರ ಅವನಿಗೆ ಹಿಡಿಸಲಿಲ್ಲ. ಅಲ್ಲಿ ಹೋಟೆಲಿನ ಕೋಣೆಯೊಂದರಲ್ಲಿ ಕುಳಿತು, ಕಾದಂಬರಿಯೊಂದು ಹುಟ್ಟುವ ಬಗೆಯನ್ನು ಕುರಿತು ಅವನು ಬರೆದ ಸಣ್ಣ ಪುಸ್ತಕ 1926ರಲ್ಲಿ ಮೊದಲು ಫ್ರೆಂಚ್ ಅನುವಾದದಲ್ಲಿ ಬೆಳಕು ಕಂಡಿತು. ನಮ್ಮ ಎಳೆ ಆ ಪುಸ್ತಕದಲ್ಲಿ ಗಂಟಾಗಿ ನಿಲ್ಲುತ್ತದೆ.

ಅದರ ಕಥಾನಾಯಕನ ಹೆಸರು ಉ. ಹೂಗೋ ದೆ ಲಾ ರಾಸಾ. ಉ ಎಂಬುದು ಉನಾಮುನೋವಿನ ಮೊದಲ ಅಕ್ಷರ. ಹೂಗೋ ತಾಯಿಯ ತಂದೆಯ ಹೆಸರು. ಬಿಲ್ಬಾವೋ ಬಳಿಯ ಗಾಲ್ದಾಕಾನೋ ಊರಿನಲ್ಲಿ ಆ ವಂಶ ಹೊರಟುಬಂದ ಹಳೆಯ ಒಕ್ಕಲುಮನೆಯ ಹೆಸರು. ತಂದೆಯ ತಾಯಿಯ ಹೆಸರು ಲಾರ್ರಾಸಾ. ಹುಲ್ಲುಗಾವಲಿಗೆ ಸಂಬಂಧಿಸಿದ ಬಾಸ್ಕ್ ಪದ. ಅದನ್ನು ಬೇಕೆಂದೇ ಒಡೆದು ಲಾ ರಾಸಾ ಎಂದು ಬರೆದುಬಿಟ್ಟರೆ ಸ್ಪ್ಯಾನಿಷಿನಲ್ಲಿ ಜನಾಂಗ ಎಂದಾಗುತ್ತದೆ. ಹೂಗೋ ಎಂದರೆ ಅದೇ ಸ್ಪ್ಯಾನಿಷಿನಲ್ಲಿ ರಸ. ಹೀಗೆ ಮೂರು ಒಕ್ಕಲುಮನೆಗಳ ಹೆಸರುಗಳು ಸೇರಿ ಜನಾಂಗದ ರಸ ಎಂಬ ಅಣಕದ ಹೆಸರು ಸಿದ್ಧವಾಯಿತು. ಗುಡ್ಡ, ಗೋಮಾಳ, ಹಳೆಯ ಮನೆ ಇವಿಷ್ಟನ್ನೇ ಹೇಳುವ ಮುಗ್ಧ ಪದಗಳ ಮೇಲೆ ಬೇರೊಂದು ಭಾಷೆ ಬೇರೊಂದು ಅರ್ಥವನ್ನು ಹೇರಿದಾಗ ಹೇಗೆ ರಕ್ತ, ಕುಲ, ಜನಾಂಗಗಳ ಕಥೆ ಹುಟ್ಟುತ್ತದೆಂಬುದನ್ನು ತನ್ನ ಹೆಸರನ್ನೇ ಬಲಿಕೊಟ್ಟು ತೋರಿಸಿದ ಲೇಖಕ ನಾವು ಓದಿದವರಲ್ಲಿ ಇವನೊಬ್ಬನೇ. ಸ್ಪೇನಿನ ಹೊರಗೆ ನೆಲೆಯಿಲ್ಲದೆ ಕುಳಿತವನಿಗೆ ಆಟವಾಡಲು ಹೆಸರುಗಳಲ್ಲದೆ ಇನ್ನೇನೂ ಉಳಿದಿರಲಿಲ್ಲವೆಂದೂ ಹೇಳಬಹುದು.

1925ರಲ್ಲಿ ಅವನು ಪ್ಯಾರಿಸನ್ನು ಬಿಟ್ಟು ಫ್ರೆಂಚ್ ಬಾಸ್ಕ್ ಸೀಮೆಯ ಹೆಂದಾಯ ಎಂಬ ಗಡಿಯ ಊರಿಗೆ ಬಂದನು. ಬಿದಸೋವಾ ನದಿಯ ಆಚೆಯ ದಡ ಸ್ಪೇನ್. ಸುತ್ತಲೂ ಬಾಲ್ಯದ ಬೆಟ್ಟಗಳು, ಬಾಲ್ಯದ ಮಳೆ, ತಾನು ಶವಸಂಸ್ಕಾರ ಮಾಡಹೇಳಿದ ಭಾಷೆಯನ್ನು ಸಂತೆಯಲ್ಲಿ ಆಡುವ ಜನ. ಐದು ವರ್ಷ ಅವನು ಅಲ್ಲಿದ್ದು, ಸರ್ವಾಧಿಕಾರಿ ಬಿದ್ದ ಮೇಲೆ 1930ರ ಫೆಬ್ರವರಿಯಲ್ಲಿ ಸೇತುವೆಯನ್ನು ದಾಟಿ ಬಂದಾಗ ಜನ ಅವನನ್ನು ವೀರನಂತೆ ಬರಮಾಡಿಕೊಂಡರು. 1931ರಲ್ಲಿ ಗಣರಾಜ್ಯ ಸ್ಥಾಪನೆಯಾಯಿತು. ಅವನು ಮತ್ತೆ ಕುಲಪತಿಯಾದನು. ಸಂವಿಧಾನ ಸಭೆಯಲ್ಲಿ ಕುಳಿತು ಸ್ಪ್ಯಾನಿಷ್ ಭಾಷೆಯೇ ಎಲ್ಲರ ಭಾಷೆಯಾಗಬೇಕೆಂದು, ಮೂವತ್ತು ವರ್ಷಗಳ ಹಿಂದಿನ ವಾದವನ್ನೇ ಹಿಡಿದು ಮಾತನಾಡಿದನು. 1934ರಲ್ಲಿ ಕೊಂಚಾ ತೀರಿಕೊಂಡಳು. ಅದೇ ವರ್ಷ ಅವನು ನಿವೃತ್ತನಾದಾಗ ಗಣರಾಜ್ಯ ಅವನಿಗೆ ಜೀವಾವಧಿ ಕುಲಪತಿಯೆಂಬ ಗೌರವವನ್ನಿತ್ತಿತು.

1936ರ ಜುಲೈನಲ್ಲಿ ಸೈನ್ಯ ಗಣರಾಜ್ಯದ ಮೇಲೆ ದಂಗೆಯೆದ್ದಿತು. ಉನಾಮುನೋ ದಂಗೆಯನ್ನು ಬೆಂಬಲಿಸಿದನು. ಗಣರಾಜ್ಯದ ಬೀದಿಗಲಭೆಗಳಿಂದ ಬೇಸತ್ತಿದ್ದ ಅವನು ಸೇನಾಪತಿಗಳು ಶಿಸ್ತನ್ನು ತರುವರೆಂದು ನಂಬಿದ್ದನು. ಇದನ್ನು ಮುಚ್ಚಿಡಬೇಕಾಗಿಲ್ಲ. ಮ್ಯಾಡ್ರಿಡ್ ಸರಕಾರ ಅವನನ್ನು ಕುಲಪತಿಯ ಸ್ಥಾನದಿಂದ ವಜಾ ಮಾಡಿತು. ದಂಗೆಕೋರರು ಮರಳಿ ಕೂಡಿಸಿದರು. ಆದರೆ ಸಾಲಾಮಾಂಕಾದಲ್ಲಿಯೇ ಅ��ನ ಗೆಳೆಯರನ್ನು ಒಬ್ಬೊಬ್ಬರಾಗಿ ಹಿಡಿದೊಯ್ಯತೊಡಗಿದರು. ಅವರ ಹೆಂಡತಿಯರು ಪತ್ರಗಳನ್ನು ಹಿಡಿದು ಮುದುಕನ ಬಾಗಿಲಿಗೆ ಬರುತ್ತಿದ್ದರು.

ಅಕ್ಟೋಬರ್ 12 ಕೊಲಂಬಸನು ಅಮೆರಿಕವನ್ನು ಮುಟ್ಟಿದ ದಿನ. ಸ್ಪೇನಿನಲ್ಲಿ ಅದನ್ನು ಆಗ ಜನಾಂಗದ ದಿನವೆಂದು ಆಚರಿಸುತ್ತಿದ್ದರು. ಅದೇ ರಾಸಾ ಎಂಬ ಪದ. 1936ರ ಆ ದಿನ ವಿಶ್ವವಿದ್ಯಾಲಯದ ಮಹಾಸಭಾಂಗಣದಲ್ಲಿ ಉನಾಮುನೋ ಅಧ್ಯಕ್ಷಪೀಠದಲ್ಲಿದ್ದನು. ವೇದಿಕೆಯ ಮೇಲೆ ಸೇನಾಪತಿ ಫ್ರಾಂಕೋನ ಹೆಂಡತಿ, ಸಾಲಾಮಾಂಕಾದ ಬಿಷಪ್, ವಿದೇಶೀ ಸೈನ್ಯದಳವನ್ನು ಸ್ಥಾಪಿಸಿದ, ಯುದ್ಧಗಳಲ್ಲಿ ಒಂದು ಕಣ್ಣನ್ನೂ ಒಂದು ತೋಳನ್ನೂ ಕಳೆದುಕೊಂಡ ಸೇನಾಪತಿ ಮಿಲ್ಯಾನ್ ಆಸ್ತ್ರಾಯ್ ಇದ್ದರು. ಉನಾಮುನೋ ಭಾಷಣ ಮಾಡುವುದೆಂದಿರಲಿಲ್ಲ. ಫ್ರಾನ್ಸಿಸ್ಕೋ ಮಾಲ್ದೊನಾದೋ ಎಂಬ ಪ್ರಾಧ್ಯಾಪಕ ಬಾಸ್ಕರನ್ನೂ ಕಾತಾಲಾನರನ್ನೂ ಸ್ಪೇನಿನ ವೈರಿಗಳೆಂದು ಜರೆದಾಗ ಅವನು ಜೇಬಿನಿಂದ ಒಂದು ಕಾಗದವನ್ನು ತೆಗೆದು ಅದರ ಬೆನ್ನಮೇಲೆ ಕೆಲವು ಪದಗಳನ್ನು ಗೀಚಿಕೊಂಡನು. ಅದು ಸೆರೆಯಲ್ಲಿದ್ದ ಗೆಳೆಯ, ಪ್ರಾಟೆಸ್ಟೆಂಟ್ ಪಾದ್ರಿ ಆತಿಲಾನೋ ಕೋಕೋನನ್ನು ಉಳಿಸಬೇಕೆಂದು ಅವನ ಹೆಂಡತಿ ಬರೆದ ಪತ್ರ.

ಅವನು ಎದ್ದು ನಿಂತನು. ಅಂದು ಅವನು ಆಡಿದ್ದೆಂದು ಲೋಕವೆಲ್ಲ ತಿಳಿದಿರುವ ಭಾಷಣ, ಸಭೆಯಲ್ಲಿಲ್ಲದ ಲೂಯಿಸ್ ಪೋರ್ತಿಯ್ಯೋ ಎಂಬ ಸಹೋದ್ಯೋಗಿ 1941ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಕಲ್ಪಿಸಿ ಬರೆದದ್ದು. ಈಚಿನ ಸಂಶೋಧಕರು ಇದನ್ನು ಬಿಡಿಸಿ ತೋರಿಸಿದ್ದಾರೆ. ಆದರೆ ಪತ್ರದ ಬೆನ್ನಿನ ಟಿಪ್ಪಣಿ ಉಳಿದಿದೆ, ಸಭೆಯಲ್ಲಿದ್ದವರ ನೆನಪುಗಳೂ ಇವೆ. ಗೆಲ್ಲುವುದು ಬೇರೆ, ಒಲಿಸಿಕೊಳ್ಳುವುದು ಬೇರೆ ಎಂಬುದು ಅವನ ಮಾತಿನ ತಿರುಳು. ತಾನು ಬಾಸ್ಕನೆಂದೂ, ಬಾಳೆಲ್ಲ ಇವರಿಗೆ ಇವರ ಸ್ಪ್ಯಾನಿಷನ್ನು ಕಲಿಸುತ್ತ ಬಂದವನೆಂದೂ, ಪಕ್ಕದಲ್ಲಿ ಕುಳಿತ ಬಿಷಪ್ ಕಾತಾಲಾನನೆಂದೂ ಅವನು ನೆನಪಿಸಿದನು. ಮೂವತ್ತೈದು ವರ್ಷಗಳ ಹಿಂದೆ ಬಾಸ್ಕರ ಸಭೆಯಲ್ಲಿ ಸ್ಪೇನಿನ ಪರವಾಗಿ ನಿಂತವನು ಈಗ ಸ್ಪೇನಿನ ಸಭೆಯಲ್ಲಿ ಬಾಸ್ಕನಾಗಿ ನಿಂತನು. ಎರಡೂ ಕಡೆ ಅವನು ಒಂಟಿ.

ಟಿಪ್ಪಣಿಯಲ್ಲಿ ರಿಸಾಲ್ ಎಂಬ ಹೆಸರೂ ಇದೆ. ಫಿಲಿಪೈನ್ಸಿನ ಕಾದಂಬರಿಕಾರ ಹೊಸೆ ರಿಸಾಲನನ್ನು ಸ್ಪೇನಿನ ಸೈನ್ಯ 1896ರ ಡಿಸೆಂಬರ್ 30ರಂದು ಗುಂಡಿಟ್ಟು ಕೊಂದಿತ್ತು. ಅವನ ಚರಿತ್ರೆಯೊಂದಕ್ಕೆ ಉನಾಮುನೋ 1907ರಲ್ಲಿ ಉಪಸಂಹಾರ ಬರೆದಿದ್ದನು. ಚೀನದಿಂದ ವಲಸೆ ಬಂದ ಪೂರ್ವಜನ ಆ ವಂಶಕ್ಕೆ ಮೆರ್ಕಾದೋ ಎಂಬ ಸ್ಪ್ಯಾನಿಷ್ ಹೆಸರಿತ್ತು. 1849ರಲ್ಲಿ ದ್ವೀಪಗಳ ಪ್ರಜೆಗಳೆಲ್ಲರಿಗೂ ಸ್ಪೇನಿನ ಗವರ್ನರ್ ಪಟ್ಟಿಯಿಂದ ಅಡ್ಡಹೆಸರುಗಳನ್ನು ಹಂಚಿದ ಮೇಲೆ ಅದರೊಡನೆ ರಿಸಾಲ್ ಎಂಬುದೂ ಸೇರಿತು. ಸ್ಪ್ಯಾನಿಷಿನಲ್ಲಿ ಬರೆದು ಸ್ಪೇನಿನಿಂದಲೇ ಹತನಾದ ಆ ಲೇಖಕನನ್ನು ಉನಾಮುನೋ ಸ್ಪೇನಿಗನೆಂದೇ ಎಣಿಸಿದ್ದನು. ಯೌವನದಲ್ಲಿ ಫಿಲಿಪೈನ್ಸಿನಲ್ಲಿ ಕಾದಾಡಿದ್ದ ಮಿಲ್ಯಾನ್ ಆಸ್ತ್ರಾಯ್ ಆ ಹೆಸರನ್ನು ಕೇಳಿ ಕೆರಳಿ, ಬುದ್ಧಿಜೀವಿಗಳಿಗೆ ಧಿಕ್ಕಾರ ಕೂಗಿದನು. ಬಂದೂಕಿನ ಸೈನಿಕರ ನಡುವೆ, ಫ್ರಾಂಕೋನ ಹೆಂಡತಿಯ ಪಕ್ಕದಲ್ಲಿ ನಡೆದು, ಮುದುಕ ಹೊರಬಂದನು.

ಅಂದಿನ ಮಧ್ಯಾಹ್ನವೇ ಅವನು ನಿತ್ಯ ಹೋಗುತ್ತಿದ್ದ ಕ್ಲಬ್ಬಿನಲ್ಲಿ ಸದಸ್ಯರು ಅವನನ್ನು ಬೈದು ಹೊರಗಟ್ಟಿದರು. ನಗರಸಭೆ ಅವನ ಸದಸ್ಯತ್ವವನ್ನು ಕಿತ್ತುಹಾಕಿತು. ವಿಶ್ವವಿದ್ಯಾಲಯದ ಸಹೋದ್ಯೋಗಿಗಳೇ ಅವನನ್ನು ತೆಗೆಯಬೇಕೆಂದು ಕೇಳಿಕೊಂಡರು. ಅಕ್ಟೋಬರ್ 22ರಂದು ಫ್ರಾಂಕೋ ಆಜ್ಞೆಗೆ ಸಹಿ ಹಾಕಿದನು. ಮನೆಯ ಬಾಗಿಲಿಗೆ ಪೊಲೀಸರ ಕಾವಲು ಬಂದಿತು. ಡಿಸೆಂಬರಿನಲ್ಲಿ ಕೋಕೋನನ್ನು ಕೊಂದರು. ಡಿಸೆಂಬರ್ 31ರ ಮಧ್ಯಾಹ್ನ, ಹೊರಗೆ ಹಿಮದ ಚಳಿ. ಉನಾಮುನೋ ಮೇಜಿನ ಕೆಳಗೆ ಕೆಂಡದ ಬಟ್ಟಲನ್ನಿಟ್ಟುಕೊಂಡು ಮಾತಿಗೆ ಬಂದ ಪರಿಚಿತನೊಬ್ಬನೊಡನೆ ಕುಳಿತಿದ್ದನು. ಮಾತಿನ ನಡುವೆ ತಲೆ ವಾಲಿತು. ಕೆಂಡಕ್ಕೆ ತಗುಲಿದ ಚಪ್ಪಲಿ ಸುಡುವ ವಾಸನೆ ಬಂದಾಗಲೇ ಅವನು ಸತ್ತಿದ್ದಾನೆಂದು ಎದುರಿಗಿದ್ದವನಿಗೆ ತಿಳಿದದ್ದು. ಮರುದಿನ ಅವನ ಶವಪೆಟ್ಟಿಗೆಯನ್ನು ಹೊತ್ತು ತಮ್ಮವನೆಂದು ಮೆರೆಸಿದವರು ಫ್ರಾಂಕೋನ ಕಡೆಯ ಫಲಾಂಗೆ ಪಕ್ಷದ ಯುವಕರು.

1938ರ ಮೇ ತಿಂಗಳಲ್ಲಿ ಫ್ರಾಂಕೋನ ಸರಕಾರ ಮಕ್ಕಳಿಗೆ ಬಾಸ್ಕ್ ಭಾಷೆಯ ಹೆಸರುಗಳನ್ನಿಡುವುದನ್ನು ನಿಷೇಧಿಸಿತು. ಅಡ್ಡಹೆಸರುಗಳನ್ನು ಅಳಿಸಲಾಗಲಿಲ್ಲ, ಅವು ಸ್ಪ್ಯಾನಿಷ್ ಕಾಗುಣಿತದಲ್ಲಿ ಕಡತಗಳಲ್ಲಿ ಉಳಿದವು. ಉನಾಮುನೋ ಸಾವನ್ನು ನುಡಿದಿದ್ದ ಭಾಷೆಯೂ ಸಾಯಲಿಲ್ಲ. 1968ರಲ್ಲಿ ಅದರ ಅಕಾಡೆಮಿ ಏಕರೂಪದ ಬರಹಕ್ಕೆ ತಳಹದಿ ಹಾಕಿತು. 1979ರ ಸ್ವಾಯತ್ತ ಶಾಸನ ಅದನ್ನು ಬಾಸ್ಕ್ ಸೀಮೆಯ ಅಧಿಕೃತ ಭಾಷೆಗಳಲ್ಲಿ ಒಂದಾಗಿ ಮಾಡಿತು. ಇಂದು ಅದರಲ್ಲಿ ವಿಶ್ವವಿದ್ಯಾಲಯದ ಪಾಠಗಳು ನಡೆಯುತ್ತವೆ. ಕಚೇರಿಗೆ ಹೋಗಿ ತಮ್ಮ ಅಡ್ಡಹೆಸರನ್ನು ಬಾಸ್ಕ್ ಕಾಗುಣಿತಕ್ಕೆ ತಿದ್ದಿಸಿಕೊಂಡ ಮನೆತನಗಳು ಹಲವು. ಸ್ಪ್ಯಾನಿಷ್ ಅಕ್ಷರಗಳ ಎಚೆವೆರ್ರಿಯಾ ಬಾಸ್ಕ್ ಅಕ್ಷರಗಳ ಎಚೆಬೆರ್ರಿಯಾ ಆಗುತ್ತದೆ. ಉನಾಮುನೋ ಎಂಬ ಹೆಸರಿಗೆ ಆ ಕೆಲಸವಿಲ್ಲ. ಎರಡು ಭಾಷೆಗಳಲ್ಲಿಯೂ ಅದನ್ನು ಬರೆಯುವುದು ಅದೇ ಏಳು ಅಕ್ಷರಗಳಿಂದ.